ದೋಣಿಯಲ್ಲಿ ಪಕ್ಷಿಧಾಮಕ್ಕೆ: ಕಾಂಡ್ಲಾ ಕಾಡಿನ ಪಾಠ

ಪಕ್ಷಿಧಾಮ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಬಾಯಿಗೆ ಮೊದಲು ಬರುವ ಹೆಸರು ರಂಗನತಿಟ್ಟು. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಸಾವಿರಾರು ಹಕ್ಕಿಗಳನ್ನು ಅಲ್ಲಿ ದೋಣಿಯಲ್ಲಿ ಕುಳಿತೇ ನೋಡಬಹುದು. ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿಯವರು ಆ ಸ್ಥಳದ ಮಹತ್ವವನ್ನು ತಿಳಿಸಿದ ಮೇಲೆ ಮೈಸೂರು ಅರಸರು 1940ರಲ್ಲಿ ಅದನ್ನು ಪಕ್ಷಿಧಾಮವಾಗಿ ಘೋಷಿಸಿದರು. ಅಲ್ಲಿನ ನೀರು ಸಿಹಿ. ಬೆಳಿಗ್ಗೆ ಹೋದರೂ ಸಂಜೆ ಹೋದರೂ ದೋಣಿ ತೇಲುತ್ತದೆ. ಈ ಲೇಖನದಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ಪಕ್ಷಿಧಾಮದ ಸಂಗತಿ. ಅಲ್ಲಿ ನೀರು ಉಪ್ಪು, ನೆಲ ಕೆಸರು, ಮರಗಳ ಬುಡ ಅರ್ಧ ದಿನ ನೀರಿನೊಳಗೆ. ದೋಣಿ ಎಷ್ಟು ಹೊತ್ತಿಗೆ ಹೊರಡಬೇಕು, ಹಕ್ಕಿ ಎಷ್ಟು ಹೊತ್ತಿಗೆ ಉಣ್ಣಬೇಕು ಎಂಬುದನ್ನೆಲ್ಲ ಸಮುದ್ರದ ಉಬ್ಬರ ಇಳಿತಗಳೇ ನಿಶ್ಚಯಿಸುತ್ತವೆ. ಕಳೆದ ಡಿಸೆಂಬರಿನಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಗೋವಾದ ಚೋರಾವ್ ದ್ವೀಪದಲ್ಲಿರುವ ಅಂಥದೊಂದು ಪಕ್ಷಿಧಾಮಕ್ಕೆ ಹೋಗಿಬಂದೆವು. ಹೋಗುವ ಮೊದಲು ತರಗತಿಯಲ್ಲಿ ಮಾಡಿದ ಪಾಠ, ಅಲ್ಲಿ ಕಂಡದ್ದು, ಬಂದ ಮೇಲೆ ನಮ್ಮ ಮಂಜೇಶ್ವರದ ಹೊಳೆಯನ್ನು ನೋಡಿದಾಗ ತೋರಿದ್ದು, ಇಷ್ಟನ್ನು ಇಲ್ಲಿ ಬರೆಯುತ್ತೇನೆ.

ಕನ್ನಡದ ಮೇಷ್ಟ್ರಿಗೆ ಮೊದಲು ಶಬ್ದ, ಆಮೇಲೆ ವಸ್ತು. ನದಿ ಕಡಲನ್ನು ಸೇರುವ ಅಳಿವೆಯ ಕೆಸರಿನಲ್ಲಿ ಬೆಳೆಯುವ ಈ ಗಿಡಮರಗಳಿಗೆ ಉತ್ತರ ಕನ್ನಡ, ಕುಂದಾಪುರಗಳ ಕಡೆ ಕಾಂಡ್ಲಾ ಎಂಬ ಹೆಸರಿದೆ. ಮಲಯಾಳದಲ್ಲಿ ಕಂಡಲ್. ಎರಡೂ ಒಂದೇ ಮೂಲದವೆಂದು ಕಿವಿಗೇ ತಿಳಿಯುತ್ತದೆ. ಡಚ್ಚರ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳ ಮೇಲೆ ಹೊರತಂದ ‘ಹೊರ್ತುಸ್ ಮಲಬಾರಿಕುಸ್’ ಎಂಬ 12 ಸಂಪುಟಗಳ ಗ್ರಂಥ 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಬಂದ ಕಂಡಲ್ ಎಂಬ ಹೆಸರೇ ಮುಂದೆ ‘ಕಂಡೇಲಿಯಾ’ ಎಂದು ಲೋಕದ ವಿಜ್ಞಾನಿಗಳೆಲ್ಲ ಬಳಸುವ ಶಾಸ್ತ್ರೀಯ ನಾಮವಾಯಿತು. ಆ ಗ್ರಂಥಕ್ಕೆ ಗಿಡಗಳ ಹೆಸರು, ಗುಣಗಳನ್ನು ಹೇಳಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರೊಂದಿಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. ಅವರ ಕೊಂಕಣಿ ಹೇಳಿಕೆ ನಾಗರಿ ಲಿಪಿಯಲ್ಲಿ ಆ ಪುಸ್ತಕದಲ್ಲಿಯೇ ಅಚ್ಚಾಗಿದೆ. ಕೊಂಕಣಿ ಮನೆಮಾತಿನ ನಮ್ಮ ಮಕ್ಕಳು ಇದನ್ನು ಕೇಳಿ ಬೆನ್ನು ನೆಟ್ಟಗೆ ಮಾಡಿ ಕುಳಿತದ್ದನ್ನು ಗಮನಿಸಿದೆ.

ಕಾಂಡ್ಲಾ ಎಂಬುದು ಒಂದು ಮರದ ಹೆಸರಲ್ಲ. ಒಂದೇ ಕಷ್ಟಕ್ಕೆ ಬೇರೆ ಬೇರೆ ಉಪಾಯ ಕಂಡುಕೊಂಡ ಹಲವು ಕುಲದ ಸಸ್ಯಗಳ ಒಕ್ಕೂಟ. ತೆಂಗಿನ ಬುಡಕ್ಕೆ ಒಂದು ಹಿಡಿ ಉಪ್ಪು ಹಾಕುವವರುಂಟು. ಆದರೆ ಗದ್ದೆಗೆ ಕಡಲ ನೀರು ನುಗ್ಗಿದರೆ ಭತ್ತ ಸುಟ್ಟುಹೋಗುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಕಾಂಡ್ಲಾ ಗಿಡಗಳು ಆ ಉಪ್ಪಿನಲ್ಲೇ ನಿಂತು ಬದುಕಬೇಕು. ಮಲಯಾಳದಲ್ಲಿ ಉಪ್ಪಟ್ಟಿ ಎನ್ನುವ ಮರ ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯ ಮೂಲಕ ಹೊರಹಾಕುತ್ತದೆ. ಬಿಸಿಲೇರಿದಾಗ ಎಲೆಯನ್ನು ನಾಲಗೆಗೆ ತಾಗಿಸಿದರೆ ಉಪ್ಪು ತಿಳಿಯುತ್ತದೆ. ಇನ್ನೊಂದು ಮರ ಉಪ್ಪಿನ ಹೆಚ್ಚಿನ ಪಾಲನ್ನು ಬೇರಿನಲ್ಲೇ ತಡೆದು ನಿಲ್ಲಿಸುತ್ತದೆ. ಈ ಎರಡನೆಯದರ ಕಾಂಡದಿಂದ ಬಿಲ್ಲಿನಂತೆ ಬಾಗಿದ ಬೇರುಗಳು ಹೊರಟು, ಎಲ್ಲೆಂದರಲ್ಲಿ ಕೆಸರಿಗೆ ಊರುತ್ತವೆ. ಆ ಗೊಂದಲವನ್ನು ನೋಡಿಯೇ ಮಲಯಾಳಿಗಳು ಅದಕ್ಕೆ ಭ್ರಾಂತನ್ ಕಂಡಲ್, ಅಂದರೆ ಹುಚ್ಚು ಕಂಡಲ್ ಎಂದು ಹೆಸರಿಟ್ಟರು. ಹುಚ್ಚಲ್ಲ, ಬಹಳ ಲೆಕ್ಕಾಚಾರ ಅದು: ಮೆತ್ತಗಿನ ಕೆಸರಿನಲ್ಲಿ ಒಂದೇ ಕಾಲಿನಲ್ಲಿ ನಿಂತವನು ಬೀಳುತ್ತಾನೆ, ಹತ್ತು ಕಾಲಿನಲ್ಲಿ ನಿಂತವನು ಬೀಳುವುದಿಲ್ಲ.

ಎರಡನೆಯ ಕಷ್ಟ ಉಸಿರಿನದು. ಕೆಸರಿನೊಳಗೆ ಗಾಳಿ ಇಲ್ಲ. ಅದಕ್ಕಾಗಿ ಉಪ್ಪಟ್ಟಿಯ ಬೇರುಗಳು ಕೆಳಗೆ ಹೋಗುವ ಬದಲು ಪೆನ್ಸಿಲುಗಳಂತೆ ಮೇಲಕ್ಕೆ ಎದ್ದು ನಿಲ್ಲುತ್ತವೆ. ನೀರು ಇಳಿದಾಗ ಅವು ಗಾಳಿಯನ್ನು ಎಳೆದುಕೊಳ್ಳುತ್ತವೆ. ಮೂರನೆಯ ಕಷ್ಟ ಸಂತಾನದ್ದು. ಬೀಜ ನೀರಿಗೆ ಬಿದ್ದರೆ ಕೊಚ್ಚಿಹೋಗುತ್ತದೆ, ಕೆಸರಿಗೆ ಬಿದ್ದರೆ ಕೊಳೆಯುತ್ತದೆ. ಆದುದರಿಂದ ಹುಚ್ಚು ಕಂಡಲ್ ತನ್ನ ಬೀಜವನ್ನು ಕೊಂಬೆಯಲ್ಲೇ ಮೊಳೆಯಿಸಿ, ಕೋಲಿನಷ್ಟು ಉದ್ದದ ಸಸಿಯಾದ ಮೇಲೆ ಕೆಳಗೆ ಬಿಡುತ್ತದೆ. ನೀರು ಇಳಿದಿದ್ದರೆ ಅದು ಈಟಿಯಂತೆ ಕೆಸರಿಗೆ ನಾಟಿಕೊಳ್ಳುತ್ತದೆ. ಏರಿದ್ದರೆ ತೇಲುತ್ತ ಹೋಗಿ ಬೇರೊಂದು ದಡ ಹಿಡಿಯುತ್ತದೆ. ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಮಗು ನೆಟ್ಟಗಾದ ಮೇಲೆಯೇ ಕಳುಹಿಸಿಕೊಡುವ ಕ್ರಮದಂತೆ ಇದು ಎಂದು ತರಗತಿಯಲ್ಲಿ ಹೇಳಿದಾಗ ಹುಡುಗಿಯರ ಸಾಲಿನಲ್ಲಿ ನಗು ಎದ್ದಿತು. ಒಂದು ಎಚ್ಚರಿಕೆಯ ಮಾತು: ಈ ಒಕ್ಕೂಟದಲ್ಲಿ ಕಣ್ಣಾಂಪೊಟ್ಟಿ ಎಂಬ ಗಿಡವೂ ಇದೆ. ಹೆಸರೇ ಹೇಳುವಂತೆ ಅದರ ಬಿಳಿ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಗುರುತಿಲ್ಲದ ಟೊಂಗೆಯನ್ನು ಮುರಿಯಬೇಡಿರಿ.

ಇನ್ನು ಉಬ್ಬರ ಇಳಿತಗಳ ಲೆಕ್ಕ. ಇದನ್ನು ಕಲಿಯದೆ ಕಾಂಡ್ಲಾ ಕಾಡಿಗೆ ಹೋಗುವುದು, ಸಮಯಪಟ್ಟಿ ನೋಡದೆ ರೈಲಿಗೆ ಹೋದಂತೆ. ಚಂದ್ರನ ಸೆಳೆತದಿಂದಲೂ ಸೂರ್ಯನ ಸೆಳೆತದಿಂದಲೂ ಕಡಲಿನ ನೀರು ನಮ್ಮ ತೀರದಲ್ಲಿ ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಚಂದ್ರನೂ ಮುಂದೆ ಸಾಗುತ್ತಿರುವುದರಿಂದ ಈ ಸುತ್ತು ಮುಗಿಯಲು 24 ಗಂಟೆಗಳು ಸಾಲವು. ಸುಮಾರು 24 ಗಂಟೆ 50 ನಿಮಿಷ ಬೇಕು. ಅಂದರೆ ಇಂದು ಬೆಳಿಗ್ಗೆ ಎಂಟಕ್ಕೆ ತುಂಬಿದ ಹೊಳೆ ನಾಳೆ ತುಂಬುವುದು ಎಂಟು ಐವತ್ತರ ಸುಮಾರಿಗೆ. ಹಳೆಯ ಲೆಕ್ಕದಲ್ಲಿ ಒಂದು ಘಳಿಗೆಗೆ 24 ನಿಮಿಷ. ದಿನಕ್ಕೆ ಎರಡು ಘಳಿಗೆ ತಡ ಎಂದು ನೆನಪಿಟ್ಟುಕೊಂಡರೆ ಬಾಯಿಲೆಕ್ಕಕ್ಕೆ ಸಾಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಏರಿಳಿತ ದೊಡ್ಡದು. ಅಷ್ಟಮಿಯ ಹೊತ್ತಿಗೆ ಚಿಕ್ಕದು. ಗೋಡೆಯ ಮೇಲಿನ ಪಂಚಾಂಗ ಇರುವುದು ಮದುವೆಯ ಮುಹೂರ್ತಕ್ಕೆ ಮಾತ್ರ ಎಂದುಕೊಂಡಿದ್ದ ಮಕ್ಕಳಿಗೆ, ಬಲೆ ಬೀಸುವವರು ಅದನ್ನು ಏಕೆ ನೋಡುತ್ತಾರೆಂಬುದು ಆ ದಿನ ತಿಳಿಯಿತು. ಮೀನುಗಾರರ ಮನೆಯ ಒಬ್ಬ ಹುಡುಗ ಎದ್ದುನಿಂತು, “ಸರ್, ಇದು ನಮ್ಮ ಅಜ್ಜನಿಗೆ ಪುಸ್ತಕ ಇಲ್ಲದೇ ಗೊತ್ತುಂಟು” ಎಂದನು. ಗೊತ್ತಿರಲೇಬೇಕು, ಅವರ ಅನ್ನವೇ ಅದರಲ್ಲಿದೆ.

ಇಲ್ಲೊಂದು ತೊಡಕು ಇದೆ. ಕಾಂಡ್ಲಾದ ನಡುವಿನ ಕಿರುಗಾಲುವೆಗಳಿಗೆ ದೋಣಿ ನುಗ್ಗಬೇಕಾದರೆ ನೀರು ಏರಿರಬೇಕು. ಆದರೆ ಕೆಸರಿನಲ್ಲಿ ಹುಳು, ಏಡಿ, ಚಿಪ್ಪುಗಳನ್ನು ಹೆಕ್ಕುವ ಹಕ್ಕಿಗಳಿಗೆ ನೀರು ಇಳಿದಿರಬೇಕು. ಏರಿದಾಗ ಹೋದರೆ ದೋಣಿ ಉಂಟು, ಊಟಕ್ಕಿಳಿದ ಹಕ್ಕಿ ಇಲ್ಲ. ಇಳಿದಾಗ ಹೋದರೆ ಹಕ್ಕಿ ಉಂಟು, ದೋಣಿಗೆ ದಾರಿ ಇಲ್ಲ. ನೀರು ತುಂಬಿ ಇಳಿಯಲು ತೊಡಗುವ ಒಂದೂವರೆ, ಎರಡು ಗಂಟೆಯ ಹೊತ್ತೇ ಪ್ರಶಸ್ತ. ಬೆಳಗಿನ ತಂಪು ಹೊತ್ತಿಗೆ ಅದು ಬೀಳುವಂತೆ ಲೆಕ್ಕ ಹಾಕಿ, ಹುಣ್ಣಿಮೆಗೆ ಮೂರು ದಿನ ಮೊದಲಿನ ದ್ವಾದಶಿಯನ್ನು ಆರಿಸಿದೆವು. ಅಂದು ಉಬ್ಬರ ಎಂಟೂವರೆಯ ಸುಮಾರಿಗಿತ್ತು.

ಕೊಂಕಣ ರೈಲು 1998ರಲ್ಲಿ ಪೂರ್ಣಗೊಂಡ ಮೇಲೆ ಮಂಗಳೂರಿನಿಂದ ಗೋವಾ ದೂರವೇನಲ್ಲ. ಆರೇಳು ಗಂಟೆಯ ಪ್ರಯಾಣ. ಕರ್ಮಳಿ ನಿಲ್ದಾಣದಲ್ಲಿ ಇಳಿದು, ಪಣಜಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ರಿಬಂದರ್ ಎಂಬ ಊರಿನ ಕಡವಿಗೆ ಬಂದೆವು. ಎದುರಿಗೆ ಮಾಂಡೋವಿ ನದಿ, ಆಚೆ ದಡದಲ್ಲಿ ಚೋರಾವ್. ಕೊಂಕಣಿಯಲ್ಲಿ ಚೊಡಣ್, ಚೋರಾವ್ ಎಂಬುದು ಪೋರ್ತುಗೀಸರ ಬಾಯಲ್ಲಿ ಆದ ರೂಪ. ಜನ, ಸ್ಕೂಟರು, ಕಾರುಗಳನ್ನು ಒಟ್ಟಿಗೆ ಹೊತ್ತು ದಾಟಿಸುವ ಫೆರಿ ಅಲ್ಲಿದೆ. ದ್ವೀಪದ ಪಶ್ಚಿಮದ ತುದಿಯ 178 ಹೆಕ್ಟೇರು, ಎಂದರೆ ಸುಮಾರು 440 ಎಕರೆ ಕಾಂಡ್ಲಾ ಕಾಡೇ ಪಕ್ಷಿಧಾಮ. ರಂಗನತಿಟ್ಟಿನ ಕತೆಯಲ್ಲಿ ಬಂದ ಸಲೀಂ ಅಲಿಯವರು 1987ರಲ್ಲಿ ತೀರಿಕೊಂಡರು. ಮರುವರ್ಷ ಘೋಷಿಸಲಾದ ಈ ಧಾಮಕ್ಕೆ ಅವರದೇ ಹೆಸರು.

ಎಂಟು ಮಂದಿಗೊಂದರಂತೆ ಚಿಕ್ಕ ದೋಣಿಗಳು. ಎಲ್ಲರಿಗೂ ತೇಲುವ ಅಂಗಿ ತೊಡಿಸಿದ ಮೇಲೆಯೇ ಕಾಲಿಡಗೊಟ್ಟೆವು. ಕಾಲುವೆಯೊಳಗೆ ಹೊಕ್ಕಾಗ ನೀರು ಎಲೆಗಳವರೆಗೆ ತುಂಬಿತ್ತು. ಪುಸ್ತಕದಲ್ಲಿ ಓದಿದ ಬಿಲ್ಲುಬೇರೂ ಇಲ್ಲ, ಪೆನ್ಸಿಲ್ ಬೇರೂ ಇಲ್ಲ, ಕೆಸರಂತೂ ಕಾಣಲೇ ಇಲ್ಲ. ಬೆಳ್ಳಕ್ಕಿಗಳು ಕೊಂಬೆಯ ಮೇಲೆ ಕತ್ತು ಮಡಚಿ ಕುಳಿತಿದ್ದವು. ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿತ್ತು. ರಾತ್ರಿಯಲ್ಲಿ ಬೇಟೆಯಾಡುವ ಇರುಳು ಬಕಗಳು ಎಲೆಯ ಮರೆಯಲ್ಲಿ ನಿದ್ದೆಹೋಗಿದ್ದವು. ಹತ್ತು ನಿಮಿಷ ಕಳೆಯಿತು, ಹದಿನೈದು ಕಳೆಯಿತು. “ಸರ್, ಇಷ್ಟೇಯಾ?” ಎಂದು ಹಿಂದಿನಿಂದ ಒಂದು ದನಿ. ದೋಣಿಯವರು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೊಂಕಣಿಯಲ್ಲಿ ಏನೋ ಹೇಳಿದರು. ನಮ್ಮ ಕೊಂಕಣಿ ಹುಡುಗಿ ಅದನ್ನು ಕನ್ನಡಕ್ಕೆ ತಂದಳು: “ಹಕ್ಕಿಗಳಿಗೆ ಹಸಿವಾಗಿದೆಯಂತೆ. ಅವೂ ಕಾಯುತ್ತಿವೆಯಂತೆ.”

ಸ್ವಲ್ಪ ಹೊತ್ತಿನಲ್ಲಿ ಎಲೆಗಳ ಕೆಳಗೆ ಒಂದು ಒದ್ದೆಯ ಗೆರೆ ಕಂಡಿತು. ಗೆರೆ ಅಂಗುಲವಾಯಿತು, ಅಂಗುಲ ಗೇಣಾಯಿತು. ಬೇರುಗಳು ಒಂದೊಂದಾಗಿ ತಲೆಯೆತ್ತಿದವು. ದಡದ ಅಂಚಿನಲ್ಲಿ ಕೆಸರಿನ ತೆಳ್ಳನೆಯ ಪಟ್ಟಿಯೊಂದು ಹೊಳೆಯಿತು. ಮೊದಲು ಬಂದವು ಏಡಿಗಳು. ಇವುಗಳಲ್ಲಿ ಗಂಡಿಗೆ ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ, ಎದುರಾಳಿಯನ್ನು ಬೆದರಿಸುತ್ತದೆ. ಅನಂತರ ಕೆಸರಿನಲ್ಲಿ ಜಿಗಿಯುವ ಮೀನುಗಳು. ಮೀನು ನೀರಿನಿಂದ ಹೊರಗೆ ಬಂದು ರೆಕ್ಕೆಯನ್ನೇ ಕಾಲಾಗಿಸಿಕೊಂಡು ನಡೆಯುವುದನ್ನು ಮಕ್ಕಳು ನಂಬಲಿಲ್ಲ. ಅದು ಕಣ್ಣುಗುಡ್ಡೆಗಳನ್ನು ತಿರುಗಿಸುತ್ತ ಇವರನ್ನೇ ನೋಡಿದ ಮೇಲೆ ನಂಬಿದರು. ಚರ್ಮ ಒದ್ದೆಯಾಗಿರುವಷ್ಟು ಕಾಲ ಅದು ಚರ್ಮದಿಂದಲೇ ಉಸಿರಾಡಬಲ್ಲುದು.

ಅದಾದ ಮೇಲೆ ಊಟಕ್ಕೆ ಎಲೆ ಹಾಕಿದ್ದೇ ತಡ ಎಂಬಂತೆ ಹಕ್ಕಿಗಳು ಇಳಿದವು. ಬೆಳ್ಳಕ್ಕಿಗಳು ಕೊಂಬೆ ಬಿಟ್ಟು ಕೆಳಗೆ ಬಂದವು. ಬಾಲ ಕುಣಿಸುತ್ತ ಗೊರವಗಳು ಅಂಚಿನಲ್ಲಿ ಓಡಾಡಿದವು. ಬೂದುಗಪ್ಪು ಬಣ್ಣದ ಕಡಲ ಬಕವೊಂದು ರೆಕ್ಕೆಯನ್ನು ಕೊಡೆಯಂತೆ ಹಿಡಿದು ತಿಳಿನೀರಿಗೆ ನೆರಳು ಮಾಡಿ ಮೀನನ್ನು ಕುಟುಕಿತು. ಮಿಂಚುಳ್ಳಿ ಎರಡು ಬಾರಿ ನೀಲಿ ಗೆರೆಯೆಳೆದು ಹೋಯಿತು. ಕಾಲುವೆಯ ಬಾಯಲ್ಲಿ ಬಯಲಾದ ಕೆಸರುಹಾಸಿನ ಮೇಲೆ ಡೊಂಕು ಕೊಕ್ಕಿನ ದೊಡ್ಡ ಹಕ್ಕಿಯೂ, ಅದರ ಕಾಲಬುಡದಲ್ಲಿ ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡವೆನ್ನಬಹುದಾದ ಮರಿಗೊರವಗಳೂ ಒಟ್ಟಿಗೆ ಮೇಯುತ್ತಿದ್ದವು. ಜಗಳವಿರಲಿಲ್ಲ. ಏಕೆ? ಕೊಕ್ಕುಗಳನ್ನು ನೋಡಿರಿ. ಗಿಡ್ಡ ಕೊಕ್ಕಿನದು ಕೆಸರಿನ ಮೇಲ್ಮೈಯಲ್ಲಿರುವುದನ್ನು ಹೆಕ್ಕುತ್ತದೆ, ನಡುಕೊಕ್ಕಿನದು ಒಂದೆರಡು ಅಂಗುಲ ಕೆಳಗಿನ ಹುಳುವನ್ನು ಎಳೆಯುತ್ತದೆ, ಡೊಂಕು ಕೊಕ್ಕಿನದು ಏಡಿಯ ಬಿಲದ ತಳಕ್ಕೇ ಇಳಿಯುತ್ತದೆ. ಒಂದೇ ಮನೆಯಲ್ಲಿ ಮೂರು ಉಪ್ಪರಿಗೆಗಳಿದ್ದಂತೆ. ವಿಜ್ಞಾನದ ಪುಸ್ತಕ ಎರಡು ಪುಟಗಳಲ್ಲಿ ಹೇಳುವುದನ್ನು ಮಕ್ಕಳು ಅಲ್ಲಿ ಎರಡು ನಿಮಿಷದಲ್ಲಿ ಕಂಡರು.

ಈ ಗೊರವಗಳ ಪೈಕಿ ಬಹಳಷ್ಟು ನಮ್ಮವಲ್ಲ. ಹಿಮಾಲಯದಾಚೆಯ ನಾಡುಗಳಲ್ಲಿ ಮರಿಮಾಡಿ, ಚಳಿ ತೊಡಗುವ ಮೊದಲು ಸೆಪ್ಟೆಂಬರ್, ಅಕ್ಟೋಬರ್ ವೇಳೆಗೆ ನಮ್ಮ ತೀರಕ್ಕೆ ಬಂದು, ಮಾರ್ಚ್ ಏಪ್ರಿಲಿನಲ್ಲಿ ಮರಳುತ್ತವೆ. ಅಷ್ಟು ದೂರ ಹಾರಲು ಮೈಯಲ್ಲಿ ಕೊಬ್ಬು ಬೇಕು, ಕೊಬ್ಬಿಗೆ ಕೆಸರು ಬೇಕು. 2022ರ ಅಕ್ಟೋಬರಿನಲ್ಲಿ ಇದೇ ಬಳಗದ ಒಂದು ಹಕ್ಕಿ ಅಲಾಸ್ಕಾದಿಂದ ಹೊರಟು, ಎಲ್ಲಿಯೂ ಇಳಿಯದೆ, 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರು ಹಾರಿ ಆಸ್ಟ್ರೇಲಿಯದ ಟಾಸ್ಮೇನಿಯ ಮುಟ್ಟಿತು. ಅದರ ಬೆನ್ನಿಗೆ ಕಟ್ಟಿದ್ದ ಚಿಕ್ಕ ಯಂತ್ರದಿಂದ ಇದು ತಿಳಿಯಿತು. ದಾರಿಯ ಬುತ್ತಿಯನ್ನು ಮೈಯೊಳಗೇ ಕಟ್ಟಿಕೊಂಡು ಹೊರಡುವ ಇಂಥ ಪ್ರಯಾಣಿಕರಿಗೆ ಅಳಿವೆಯ ಕೆಸರು ನಾವು ತಿಳಿದಂಥ ಕೊಳಕಲ್ಲ.

ಕೆಸರಿನ ಪಟ್ಟಿ ಅಗಲವಾಗುತ್ತಿದ್ದಂತೆ ದೋಣಿಯವರು ಹುಟ್ಟನ್ನು ಕೈಗೆತ್ತಿಕೊಂಡರು. ಇನ್ನೂ ಅರ್ಧ ಗಂಟೆ ಎಂದು ಮಕ್ಕಳು ಬೇಡಿಕೊಂಡರೂ ಅವರು ಕೇಳಲಿಲ್ಲ. ಕಾಲುವೆ ಬತ್ತಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ಮತ್ತೆ ನೀರು ಬರುವವರೆಗೆ ಗಂಟೆಗಟ್ಟಲೆ ಅಲ್ಲಿಯೇ. ಇಳಿದು ನಡೆಯೋಣವೆಂದರೆ ತೊಡೆಯವರೆಗೆ ಹೂತುಹೋಗುವ ಕೆಸರು. ನೀರಿಗೆ ಕೈಯಿಳಿಸಬಾರದೆಂದೂ ಅವರು ಮೊದಲೇ ಹೇಳಿದ್ದರು. ಅಲ್ಲಿಗೆ ಹೆಚ್ಚು ದೂರವಲ್ಲದ ಕುಂಬಾರ್ಜುವಾ ಕಾಲುವೆಯಲ್ಲಿ ಮೊಸಳೆಗಳಿವೆ.

ದೋಣಿಯ ವಿಷಯ ಬಂದುದರಿಂದ ತಂದೆತಾಯಂದಿರಿಗೆ ಒಂದು ಮಾತು. ಈ ಪ್ರವಾಸದ ಚೀಟಿ ಮನೆಗೆ ಹೋದಾಗ ಹಲವರು ಒಪ್ಪಿಗೆ ಕೊಡಲು ಹಿಂದೆಮುಂದೆ ನೋಡಿದಿರಿ. ನೋಡಿದ್ದು ಸರಿಯೇ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಹೊಳೆಯ ಅಳಿವೆಯ ಬಳಿ ಪ್ರವಾಸಿಗಳ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಹಲವರು ಮಕ್ಕಳು. ಮಿತಿಮೀರಿ ಜನರನ್ನು ಹತ್ತಿಸಿಕೊಂಡು ಕತ್ತಲಾಗುವ ಹೊತ್ತಿಗೆ ಹೊರಟ ದೋಣಿ ಅದು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ದೋಣಿ ಮಗುಚಿ 45 ಮಂದಿ ಹೋದುದೂ ನೆನಪಿರಬಹುದು. ಇಂಥ ಸುದ್ದಿ ಓದಿದ ಮೇಲೆ ದೋಣಿಯೇ ಬೇಡ ಎನ್ನುವುದು ಸುಲಭ. ಆದರೆ ಹೊಳೆ, ಕಡಲುಗಳ ನಡುವೆಯೇ ಬೆಳೆಯುವ ನಮ್ಮ ಮಕ್ಕಳು ಎಂದಾದರೊಂದು ದಿನ ದೋಣಿ ಹತ್ತಿಯೇ ಹತ್ತುತ್ತಾರೆ. ಹತ್ತುವ ಮೊದಲು ಏನು ಕೇಳಬೇಕೆಂದು ತಿಳಿದಿರುವುದು ಮೇಲು. ಈ ದೋಣಿಗೆ ಎಷ್ಟು ಜನ ಎಂದು ಬರೆದಿದೆಯೆ? ತೇಲುವ ಅಂಗಿ ಎಲ್ಲರಿಗೂ ಉಂಟೆ, ಮಕ್ಕಳ ಅಳತೆಯದು ಉಂಟೆ? ಕತ್ತಲೆಗೆ ಮೊದಲು ದಡ ಸೇರುತ್ತೇವೆಯೆ? ಹಕ್ಕಿ ಕಂಡಿತೆಂದು ಎಲ್ಲರೂ ಒಂದೇ ಮಗ್ಗುಲಿಗೆ ವಾಲಬಾರದು, ಚಿತ್ರ ತೆಗೆಯಲು ಎದ್ದುನಿಲ್ಲಬಾರದು. ಈ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಹಣ ಕೊಟ್ಟಿದ್ದರೂ ಹಿಂದಕ್ಕೆ ಬರುವುದೇ ಸರಿ. ನಾಚಿಕೆಪಡಬೇಕಾದುದಿಲ್ಲ.

ಚೋರಾವಿನಲ್ಲಿ ಹಕ್ಕಿಗಳ ಜೊತೆಗೆ ಇನ್ನೊಂದು ನೋಡತಕ್ಕ ಸಂಗತಿ ಇತ್ತು. ದ್ವೀಪದ ತಗ್ಗಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಮಣ್ಣಿನ ಕಟ್ಟೆ ಹಾಕಿ, ತೂಬಿಟ್ಟು, ಮಳೆಗಾಲದಲ್ಲಿ ಭತ್ತ, ಆಮೇಲೆ ಮೀನು ಬೆಳೆಯುವ ಪದ್ಧತಿ ಅಲ್ಲಿದೆ. ಅದನ್ನು ಖಾಜನ್ ಎನ್ನುತ್ತಾರೆ. ಕಟ್ಟೆಯ ಹೊರಮೈಗೆ ಕಾಂಡ್ಲಾವೇ ಕಾವಲು. ತೆರೆಯ ಹೊಡೆತವನ್ನು ಅದು ಮೊದಲು ತಾಳಿಕೊಳ್ಳುತ್ತದೆ. ನಮ್ಮ ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಇಂಥದೇ ಭೂಮಿಗೆ ಗಜನಿ ಎಂದು ಹೆಸರು. ಉಪ್ಪನ್ನು ತಾಳುವ ಕಗ್ಗ ಎಂಬ ಭತ್ತ ಅಲ್ಲಿಯದು. ಆ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದಕ್ಷಿಣಕ್ಕೆ ಬಂದರೆ ಕಣ್ಣೂರಿನಲ್ಲಿ ಇದನ್ನೇ ಕೈಪಾಡ್ ಎನ್ನುತ್ತಾರೆ.

ಆ ಕೈಪಾಡ್ ಗದ್ದೆಗಳಲ್ಲಿ ಕೂಲಿ ಮಾಡಿ ಬೆಳೆದವರು ಪಳಯಂಗಾಡಿ ಕಡೆಯ ಕಲ್ಲೇನ್ ಪೊಕ್ಕುಡನ್. 1937ರಲ್ಲಿ ದಲಿತ ಕುಟುಂಬವೊಂದರಲ್ಲಿ ಹುಟ್ಟಿದ ಅವರಿಗೆ ಶಾಲೆಯ ಓದು ದಕ್ಕಿದ್ದು ಅತ್ಯಲ್ಪ. ಹೊಳೆಯ ಕಟ್ಟೆಯ ಮೇಲೆ ನಡೆದು ಶಾಲೆಗೆ ಹೋಗುವ ಮಕ್ಕಳ ಕೊಡೆಗಳನ್ನು ಮಳೆಗಾಲದ ಗಾಳಿ ಕಿತ್ತುಕೊಳ್ಳುತ್ತಿತ್ತು, ಕಟ್ಟೆಯೂ ಕುಸಿಯುತ್ತಿತ್ತು. ಗಾಳಿಗೆ ತಡೆಯಾಗಲೆಂದು ಅವರು 1989ರಲ್ಲಿ ಕಂಡಲ್ ಸಸಿಗಳನ್ನು ನೆಡತೊಡಗಿದರು. ನಕ್ಕವರಿದ್ದರು, ಕಿತ್ತುಹಾಕಿದವರೂ ಇದ್ದರು. ಅವರು ಬಿಡಲಿಲ್ಲ, 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನೆಟ್ಟ ಸಸಿಗಳು ಒಂದು ಲಕ್ಷದಷ್ಟೆಂದು ಹೇಳುತ್ತಾರೆ. ಕಂಡಲ್ ಪೊಕ್ಕುಡನ್ ಎಂಬುದೇ ಅವರ ಹೆಸರಾಯಿತು. ಶಾಲಾ ಮಕ್ಕಳ ಕೊಡೆಯಿಂದ ಹುಟ್ಟಿದ ಕಾಡು ಎಂದರೆ ತಪ್ಪಾಗಲಾರದು.

ಈಗ ಮನೆಗೆ ಬರೋಣ. ಮಂಜೇಶ್ವರದ ಹೊಳೆ ಬಾಳೆಪುಣಿಯ ಗುಡ್ಡಗಳಲ್ಲಿ ಹುಟ್ಟಿ 16 ಕಿಲೋಮೀಟರು ಹರಿದು ಕಡಲು ಸೇರುತ್ತದೆ. ಕೇರಳದ ನದಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಎಂಬುದು ಸಮಾಜ ವಿಜ್ಞಾನದ ಪರೀಕ್ಷೆಗೆ ಬರುವ ಪ್ರಶ್ನೆ. ಅಷ್ಟಕ್ಕೇ ನಾವು ಅದನ್ನು ಬಿಟ್ಟುಬಿಡುತ್ತೇವೆ. ಈ ಹೊಳೆಯಲ್ಲಿಯೂ, ದಕ್ಷಿಣಕ್ಕೆ ಉಪ್ಪಳ, ಶಿರಿಯ, ಕುಂಬಳೆ ಹೊಳೆಗಳಲ್ಲಿಯೂ ಅಳಿವೆಯ ಹತ್ತಿರ ಅದೇ ಉಪ್ಪಟ್ಟಿ, ಅದೇ ಬಿಲ್ಲುಬೇರು, ಅದೇ ಮುಳ್ಳಿನ ಹೊಳೆಚುಳ್ಳಿ ಇವೆ. ಗೋವಾದಿಂದ ಬಂದ ವಾರವೇ ಮಕ್ಕಳು ಹೊಳೆಯ ದಡಕ್ಕೆ ಹೋಗಿ ನೋಡಿದರು. ಒಬ್ಬಳು ಬರೆದು ತಂದ ಪಟ್ಟಿಯಲ್ಲಿ ಬೆಳ್ಳಕ್ಕಿ, ಕೊಳದ ಬಕ, ನೀರುಕಾಗೆ, ಮಿಂಚುಳ್ಳಿ, ಗರುಡ, ಗೊರವ, ಟಿಟ್ಟಿಭ ಎಲ್ಲವೂ ಇದ್ದವು. ಅದೇ ಪಟ್ಟಿಯ ಕೆಳಗೆ ಪ್ಲಾಸ್ಟಿಕ್ ಚೀಲ, ಕೋಳಿ ಅಂಗಡಿಯ ಕಸ, ಹಳೆಯ ಹಾಸಿಗೆ ಎಂದೂ ಬರೆದಿದ್ದಳು. ಕಾಂಡ್ಲಾದ ಬೇರು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಹೂಳನ್ನೂ ಕಸವನ್ನೂ. ಉಸಿರಾಡುವ ಬೇರಿನ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡರೆ ಮರ ಸಾಯುತ್ತದೆ.

ಕಸದ ಮಾತು ಸುಲಭ, ಜಾಗದ ಮಾತು ಕಷ್ಟ. ಕೇರಳದಲ್ಲಿ ಕಾಂಡ್ಲಾ ಕಾಡಿನ ಹೆಚ್ಚಿನ ಪಾಲು ಇರುವುದು ಖಾಸಗಿಯವರ ಪಟ್ಟಾ ಜಾಗದಲ್ಲಿ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಅಂಥ ಹತ್ತು, ಇಪ್ಪತ್ತು ಸೆಂಟ್ಸ್ ಇರುವವರಿದ್ದಾರೆ. ಮಗಳ ಮದುವೆಗೋ ಮಗನಿಗೆ ಮನೆ ಕಟ್ಟಲಿಕ್ಕೋ ಮಣ್ಣು ತುಂಬಿಸಿ ಎತ್ತರಿಸೋಣವೆಂದು ಅವರಿಗೆ ತೋರಿದರೆ ಅವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. 1991ರಲ್ಲಿ ಮೊದಲು ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿಯೂ, 2019ರ ಹೊಸ ಅಧಿಸೂಚನೆಯಲ್ಲಿಯೂ ಕಾಂಡ್ಲಾ ಇರುವ ಸ್ಥಳ ಅತ್ಯಂತ ಬಿಗಿಯಾದ ಒಂದನೆಯ ವರ್ಗಕ್ಕೆ ಸೇರಿದೆ. ಮಣ್ಣು ತುಂಬಿಸಿ ಕಟ್ಟಿದ ಮೇಲೆ ಕಾನೂನಿನ ತೊಡಕಿಗೆ ಸಿಕ್ಕಿ ಹಣ ಕಳೆದುಕೊಳ್ಳುವ ಮೊದಲೇ ಪಂಚಾಯತು ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಕಾಂಡ್ಲಾ ಕಡಿದು ತುಂಬಿಸಿದ ಜಾಗದಿಂದ ಓಡಿಹೋದ ಮಳೆನೀರು ಪಕ್ಕದ ಮನೆಯ ಅಂಗಳಕ್ಕೆ ಬರುತ್ತದೆ ಎಂಬುದು ಕಾನೂನಿಗಿಂತ ಮೊದಲು ಅನುಭವಕ್ಕೆ ಬರುವ ಸಂಗತಿ. ಇನ್ನು ಬಲೆಯ ಲೆಕ್ಕ: ಸಿಗಡಿ, ಏಡಿ, ಕಾಣೆ ಮೀನುಗಳ ಮರಿಗಳು ಈ ಬೇರುಗಳ ಸಂದಿಯಲ್ಲಿ ದೊಡ್ಡ ಮೀನುಗಳ ಬಾಯಿಂದ ತಪ್ಪಿಸಿಕೊಂಡು ಬೆಳೆಯುತ್ತವೆ. ಮನೆಯ ಹಿಂದಿನ ಕೆಸರಿಗೂ ಮೀನುಪೇಟೆಯ ಬೆಲೆಗೂ ಇರುವ ನಂಟು ಇದು.

ಅತಿಯಾಗಿ ಹೊಗಳುವುದೂ ಬೇಡ. ಕಾಂಡ್ಲಾ ನೆಟ್ಟರೆ ಮೂಸೋಡಿಯ ಕಡಲ್ಕೊರೆತ ನಿಂತುಬಿಡುತ್ತದೆ ಎಂದು ಒಬ್ಬ ಹುಡುಗ ಪ್ರಬಂಧದಲ್ಲಿ ಬರೆದಿದ್ದನು. ಹಾಗೆ ಆಗದು. ತೆರೆ ನೇರವಾಗಿ ಬಡಿಯುವ ಮರಳ ದಂಡೆಯಲ್ಲಿ ಈ ಸಸಿ ಬೇರೂರಲಾರದು. ಅದರ ಸ್ಥಾನ ಅಳಿವೆಯ ಒಳಗೆ, ಹೊಳೆಯ ಎರಡು ದಡಗಳಲ್ಲಿ. ಅಲ್ಲಿ ಅದು ದಡವನ್ನು ಕಾಯುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನ ಪಿಚ್ಚಾವರಂ ಕಾಂಡ್ಲಾ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಿಗೆ ಹಾನಿ ಕಡಿಮೆಯಾದುದು ನಿಜ. ಆ ಕಾಡು ಮೊದಲೇ ಅಲ್ಲಿತ್ತು ಎಂಬುದನ್ನು ಮರೆಯಬಾರದು.

ನಮ್ಮ ಹೊಳೆಯನ್ನು ನೋಡಲು ದೋಣಿಯೂ ಬೇಡ, ರೈಲೂ ಬೇಡ. ಹೆದ್ದಾರಿಯ ಅಂಚಿನಲ್ಲಿ, ರೈಲು ಸೇತುವೆಯ ಮೇಲೆ ಮಾತ್ರ ಯಾರೂ ನಿಲ್ಲಕೂಡದು. ಮನೆಯವರಿಗೆ ತಿಳಿಸಿ, ಇಬ್ಬರು ಮೂವರು ಜೊತೆಯಾಗಿ, ದಡದಲ್ಲಿ ಒಂದೇ ಜಾಗವನ್ನು ಆರಿಸಿಕೊಳ್ಳಿರಿ. ನೀರು ತುಂಬಿದಾಗ ಒಮ್ಮೆ, ಅರ್ಧ ಇಳಿದಾಗ ಒಮ್ಮೆ, ಪೂರ್ತಿ ಇಳಿದಾಗ ಒಮ್ಮೆ ಹೋಗಿ, ಹತ್ತು ನಿಮಿಷ ಸುಮ್ಮನೆ ನಿಂತು ಬರೆದುಕೊಳ್ಳಿರಿ: ತಿಥಿ, ಗಂಟೆ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ಬಣ್ಣದ ಅಂಗಿ ಬೇಡ, ಕಲ್ಲೆಸೆಯುವುದು ಬೇಡ. ಕಿದೂರಿನ ಪಕ್ಷಿಗ್ರಾಮಕ್ಕೆ ಹೋಗುವ ಅವಕಾಶ ಸಿಕ್ಕಿದವರು ಗುಡ್ಡದ ಹಕ್ಕಿಗಳ ಪಟ್ಟಿಯನ್ನೂ ಮಾಡಿ ಹೊಳೆಯ ಪಟ್ಟಿಯೊಂದಿಗೆ ಹೋಲಿಸಬಹುದು.

ಹಕ್ಕಿಯ ಹೆಸರು ಗೊತ್ತಿಲ್ಲವೆಂದು ಬಿಡಬೇಡಿರಿ. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಊರು ನಮ್ಮದು. 1930ರಲ್ಲಿ ಬಂದ ಅವರ ಮೊದಲ ಕವನ ಸಂಕಲನಕ್ಕೆ ಗಿಳಿವಿಂಡು ಎಂದು ಹೆಸರು, ಅವರ ಸ್ಮಾರಕಕ್ಕೂ ಅದೇ ಹೆಸರು. ಗಿಳಿ ಮತ್ತು ಪಿಂಡು ಸೇರಿ ಗಿಳಿವಿಂಡು, ಆದೇಶ ಸಂಧಿ. ಪಿಂಡು ಎಂದರೆ ಈಗಿನ ಹಿಂಡು. ಒಂದೇ ಪೇಟೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಕೇಳಿಸುವ ಈ ಊರಿನಲ್ಲಿ ಪ್ರತಿ ಹಕ್ಕಿಗೂ ಏಳು ಹೆಸರುಗಳಿರಬೇಕಷ್ಟೆ. ಅಜ್ಜಿಯಂದಿರನ್ನು ಕೇಳಿರಿ. ಮುಂದಿನ ವರ್ಷದ ಸಂಚಿಕೆಗೆ ಒಂದು ಪಟ್ಟಿಯನ್ನು ತಯಾರಿಸಲಿದ್ದೇವೆ. ಮೊದಲ ಸಾಲನ್ನು ಬರೆದಿದ್ದೇನೆ: ಕನ್ನಡದಲ್ಲಿ ಕೊಕ್ಕರೆ, ತುಳುವಿನಲ್ಲಿ ಕೊರುಂಗು, ಮಲಯಾಳದಲ್ಲಿ ಕೊಕ್ಕ್, ಮರಾಠಿಯಲ್ಲಿ ಬಗಳಾ. ಉಳಿದ ಮನೆಗಳನ್ನು ನೀವು ತುಂಬಿಸಿ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಅಧ್ಯಾಪಕರ ಕೊಠಡಿಗೆ ತಂದುಕೊಡಿರಿ.